ಬೆಲ್ಲನ ಆಟದ ಸಾಮಾನು ಮತ್ತು ಹೆಸರು ಹೇಳಬಾರದ ಒಂದು ಸಾಮಾನು

ಸೊಸೆ ಪ್ರತಿಭಾ ಶಿರಸಿ ಪೇಟೆಯಿಂದ ಬೆಕ್ಕಿನ ಮರಿಗೆ ಆಟದ ಸಾಮಾನು ತಂದಳು. ಅವನ್ನು ಮರಿಯ ಮುಂದೆ ಇಡುವ ಮೊದಲು ನಾನು ನೋಡಬೇಕೆಂದೆ. ಮೊಮ್ಮಗಳು ಅಭಿಜ್ಞಾ ಸೊಂಟಕ್ಕೆ ಕೈ ಇಟ್ಟಳು.

“ಅಜ್ಜಿ, ಆಡೋದು ನೀನೋ ಬೆಲ್ಲನೋ?”

ಬೆಲ್ಲ ಅಂದರೆ ಮರಿ. ಬಣ್ಣ ಹಾಗಿತ್ತು, ಹಾಗಾಗಿ ಹೆಸರೂ ಅದೇ ಆಯಿತು.

ನಾನು ಸಾಮಾನಿನ ಚೀಲ ಹತ್ತಿರ ಎಳೆದುಕೊಂಡೆ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಇಲ್ಲೊಂದು ಕರಿ ಮರಿಯಿತ್ತು. ನನ್ನ ಕೌದಿಯ ದಾರ ನುಂಗಿ ಮೂರನೇ ದಿನ ಸತ್ತಿತು. ದಾರ ಇಟ್ಟವಳು ನಾನೇ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ಮೊದಲು ಬಟ್ಟೆಯ ಇಲಿ. ಅದರ ಕಣ್ಣನ್ನು ಉಗುರಿನಲ್ಲಿ ಹಿಡಿದು ತಿರುವಿದೆ. ಕಣ್ಣು ಕಿತ್ತು ಅಂಗೈಗೆ ಬಂತು, ಮೆಣಸಿನ ಕಾಳಿನಷ್ಟು.

“ಇದು ಮರಿ ಗಂಟಲಾಗ ಕುಂತರ ಏನ್ ಮಾಡ್ತಿ?” ಎಂದೆ. ಇನ್ನೊಂದು ಕಣ್ಣನ್ನೂ ಕಿತ್ತೆ. ಬಾಲ ಬರೀ ದಾರ, ಅದನ್ನೂ ಕತ್ತರಿಸಿದೆ.

“ಅತ್ತಿ, ಪೇಟಿ ತುಂಬ ತಿರುಗಿ ಆರಿಸಿ ತಂದೀನಿ,” ಎಂದಳು ಪ್ರತಿಭಾ.

“ಇಲಿ ಚಲೋ ಐತವಾ. ಕುರುಡ ಇಲಿ ಆದ್ರ ಹಿಡಿಯಾಕ ಇನ್ನೂ ಸಲೀಸು.”

ಕೋಲಿಗೆ ಕಟ್ಟಿದ ಪುಕ್ಕವನ್ನು ಒದ್ದೆ ಬೆರಳಲ್ಲಿ ಉಜ್ಜಿದೆ. ಬಣ್ಣ ಬಿಟ್ಟು ಬೆರಳು ಗುಲಾಲು ಆಡಿದಂತಾಯಿತು. ಕೋಲು ಅಟ್ಟಕ್ಕೆ ಹೋಯಿತು. ಗೆಜ್ಜೆಯ ಚೆಂಡನ್ನು ನನಗುಳಿದಿರುವ ಹಲ್ಲಿನಲ್ಲಿ ಕಚ್ಚಿ ಎಳೆದೆ. ಗೆಜ್ಜೆ ಜಗ್ಗಲಿಲ್ಲ. ಚೆಂಡು ಪಾಸಾಯಿತು. ಆದರೆ ಅದರ ಸದ್ದಿಗೆ ಬೆಲ್ಲ ಅಕ್ಕಿ ಚೀಲದ ಹಿಂದೆ ಸೇರಿದ್ದು ಹೊರಗೆ ಬರಲಿಲ್ಲ.

ಒಲೆಗೆಂದು ಇಟ್ಟಿದ್ದ ಗೋವಿನಜೋಳದ ಬೆಂಡು, ಅಂದರೆ ಕಾಳು ಬಿಡಿಸಿದ ಬರೀ ತೆನೆ, ಒಂದನ್ನು ತೆಗೆದು ಉರುಳಿಸಿದೆ. ನುಂಗುವಷ್ಟು ಸಣ್ಣದಲ್ಲ, ದಾರವಿಲ್ಲ, ಕಣ್ಣಿಲ್ಲ. ಮರಿ ಹಾರಿ ಬಂದು ಅದನ್ನು ತಬ್ಬಿಕೊಂಡು, ಮಲಗಿ, ಹಿಂಗಾಲಲ್ಲಿ ಒದೆಯತೊಡಗಿತು. ಪ್ರತಿಭಾ ಒಳಗೆ ಹೋದಳು. ನಾನು ಏನೂ ಅನ್ನಲಿಲ್ಲ, ಆದರೆ ಮುಖ ಅಂದಿರಬೇಕು.

ಆ ಮುಖಕ್ಕೆ ಎರಡೇ ದಿನದಲ್ಲಿ ಉತ್ತರ ಬಂತು.

ಮಗ ಸೊಸೆ ಸಿದ್ದಾಪುರಕ್ಕೆ ಮದುವೆಗೆ ಹೋಗಿದ್ದರು. ನಾನು ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದೆ, ಬೆಲ್ಲ ಪಕ್ಕದಲ್ಲೇ ಬೆಂಡಿನೊಡನೆ ಗುದ್ದಾಡುತ್ತಿತ್ತು. ಸಂಜೆಯಾಯಿತೆಂದು ಸೂಜಿಯನ್ನು ಕೌದಿಯ ಅಂಚಿಗೆ ಚುಚ್ಚಿ, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದೆ. ಕೌದಿ ಇತ್ತು. ಸೂಜಿ ಇಲ್ಲ, ಅದರ ಕೆಂಪು ದಾರವೂ ಇಲ್ಲ. ಬೆಲ್ಲ ಕೌದಿಯ ನಡುವೆ ಕುಳಿತು ಬಾಯಿ ನೆಕ್ಕಿಕೊಳ್ಳುತ್ತಿತ್ತು.

ಮರಿಯ ಬಾಯಿ ಬಿಡಿಸಿ ನೋಡಿದೆ, ಏನೂ ಕಾಣಲಿಲ್ಲ.

ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಆ ಸಾಮಾನಿನ ಹೆಸರು ಎತ್ತುವುದಿಲ್ಲ. ಕೇಳುವುದಿಲ್ಲ, ಕೊಡುವುದಿಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುವುದೂ ಇಲ್ಲ. ಅತ್ತೆ ಹೇಳಿಕೊಟ್ಟದ್ದು. ನಾನು ಒಂದು ಸಂಜೆಯೂ ತಪ್ಪಿರಲಿಲ್ಲ.

“ಅಭೀ, ಬ್ಯಾಟ್ರಿ ತಗೊಂಡ್ ಬಾ. ಒಂದು ಸಾಮಾನು ಹುಡುಕಬೇಕು.”

“ಏನ್ ಸಾಮಾನು?”

“ಸಣ್ಣಂದು. ಉದ್ದಕ್ಕ ಇರ್ತೈತಿ.”

“ಹಾವೇನು?”

“ಅದರ ಹೆಸರೂ ಈಗ ತಗೀಬ್ಯಾಡ.”

ಪಕ್ಕದ ಮನೆಯ ಶೈಲಾ ಗದ್ದಲ ಕೇಳಿ ಬಂದಳು. ಏನೆಂದು ಕೇಳದೆಯೇ ಕಸಬರಿಗೆ ಹಿಡಿದು ಕಟ್ಟೆಯ ಮೂಲೆ ಗುಡಿಸತೊಡಗಿದಳು. ಒಳ್ಳೆಯ ಹುಡುಗಿ.

ದನದ ಡಾಕ್ಟರು ಸುಭಾಷರಿಗೆ ಅಭಿಜ್ಞಾಳಿಂದ ಫೋನು ಹಚ್ಚಿಸಿ ನಾನೇ ಮಾತಾಡಿದೆ.

“ಮರಿ ನುಂಗೇತ್ರಿ ಡಾಕ್ಟ್ರ.”

“ಏನ್ ನುಂಗೇತಿ?”

“ದಾರ ಐತ್ರಿ. ದಾರದ ತುದಿಗಿರೋದು.”

“ತುದಿಗೇನೈತಿ? ಗಾಳ ಏನ್ರೀ?”

“ಗಾಳ ಅಲ್ರಿ. ನೆಟ್ಟಗಿರ್ತೈತಿ.”



“ತಿಳೀತ್ರಿ ಅಮ್ಮಾರ. ನಮ್ಮವ್ವನೂ ದೀಪ ಹಚ್ಚಿದ ಮ್ಯಾಲೆ ಹಿಂಗ ಮಾತಾಡ್ತಾಳ. ಬಾಯಾಗ ದಾರ ಕಂಡ್ರ ಎಳೀಬ್ಯಾಡ್ರಿ. ತಿನ್ನಾಕ ಏನೂ ಹಾಕಬ್ಯಾಡ್ರಿ. ಈಗ ಏನ್ ಮಾಡಾಕ್ಹತ್ತೇತಿ?”

“ಬೆಂಡು ಒದ್ಯಾಕ್ಹತ್ತೇತ್ರಿ.”

“ವಾಂತಿ ಮಾಡಿದ್ರ ಈಗಲೇ ಬರ್ರಿ. ಇಲ್ಲಾಂದ್ರ ಮುಂಜಾನೆ ಮೊದಲನೇ ಬಸ್ಸಿಗೆ ಬರ್ರಿ, ಹೊಟ್ಟಿ ಫೋಟೋ ತಗದು ನೋಡೋಣ.”

ಫೋನು ಇಟ್ಟು ಮರಿಯನ್ನು ಮಡಿಲಿಗೆ ಹಾಕಿಕೊಂಡೆ. ಗುರುಗುಟ್ಟಿತು. ಆ ಕರಿ ಮರಿಯೂ ಮೊದಲನೇ ದಿನ ಹೀಗೇ ಗುರುಗುಟ್ಟಿತ್ತು. ಇಲಿಯ ಕಣ್ಣು ಕಿತ್ತ ಕೈ ಇದು, ಕೌದಿಗೆ ಅದನ್ನು ಚುಚ್ಚಿಟ್ಟು ಎದ್ದು ಹೋದ ಕೈಯೂ ಇದೇ. ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅಭಿಜ್ಞಾ ನನ್ನನ್ನು ನೋಡಿದಳು, ಕೌದಿಯನ್ನು ನೋಡಿದಳು.

“ಅಜ್ಜಿ, ಸೂಜಿ ಏನು?”

ಶೈಲಾಳ ಕಸಬರಿಗೆ ನಿಂತಿತು.

“ಕೆಂಪು ದಾರದ್ದೇನು ದೊಡ್ಡವ್ವ?”

“ಹೂಂ.”

“ಅದು ನಮ್ಮನ್ಯಾಗೈತಿ.”

 ಮರಿ ನನ್ನ ಮಡಿಲಿಂದ ಜಿಗಿದು ಬೆಂಡನ್ನು ಕಟ್ಟೆಯಿಂದ ಕೆಳಗೆ ಉರುಳಿಸಿತು.

“ನಮ್ಮ ಹುಡುಗ ದರ್ಶನನ ಸಾಲಿ ಅಂಗಿ ಗುಂಡಿ ಕಿತ್ತಿತ್ತು,” ಎಂದಳು ಶೈಲಾ. “ಬಂದೆ, ನೀವು ದೇವರ ಮುಂದ ಇದ್ರಿ. ದೀಪ ಹಚ್ಚೀರಿ, ಇನ್ನು ಕೇಳೂ ಹಂಗಿಲ್ಲ, ಹೇಳೂ ಹಂಗಿಲ್ಲ. ಸುಮ್ಮ ತಗೊಂಡ್ ಹೋದೆ. ಬೆಳಕು ಹರಿದ ಮ್ಯಾಲೆ ತಂದಿಡಬೇಕಂತ ಮಾಡಿದ್ದೆ.”

“ಮತ್ತ ಇಷ್ಟೊತ್ತು ಏನ್ ಹುಡುಕಾಕ್ಹತ್ತಿದ್ದಿ?”

“ನೀವು ಹೆಸರು ಹೇಳಲಿಲ್ಲ. ನಿಮ್ಮ ಕಿವಿ ಓಲೆ ಬಿದ್ದಾವೇನೋ ಅನ್ಕೊಂಡೆ. ಓಲೆ ಕಿವ್ಯಾಗ ಇದ್ವು, ಆದರೂ ಹುಡುಕಿದೆ.”

ಅಭಿಜ್ಞಾ ನಗಲು ಹೋಗಿ ಬಿಕ್ಕಳಿಸಿದಳು. ನನಗೆ ಶೈಲಾಳನ್ನು ಬೈಯಬೇಕೆನಿಸಿತು. ಆದರೆ ಅವಳು ಮಾಡಿದ್ದರಲ್ಲಿ, ಅವಳ ಜಾಗದಲ್ಲಿ ನಾನು ಮಾಡದೇ ಇರುತ್ತಿದ್ದಂಥದ್ದು ಒಂದೂ ಸಿಗಲಿಲ್ಲ. ಬೆಲ್ಲನಿಗೆ ಹಾಲು ಹಾಕಿದೆ, ಬಸಿಯ ತುಂಬ.

ಬೆಳಕು ಹರಿಯುತ್ತಲೇ ಶೈಲಾ, ಜಗಳ ಬಂದೀತೆಂದು ಸೂಜಿಯನ್ನು ನನ್ನ ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟು ಹೋದಳು. ಮರಿ ಅದರತ್ತ ಒಂದು ಹೆಜ್ಜೆ ಇಡುವಷ್ಟರಲ್ಲಿ ನಾವು ಅಜ್ಜಿ ಮೊಮ್ಮಗಳು ಅಲ್ಲಿದ್ದೆವು. ಮೊದಲ ಬಸ್ಸು ಹೋದ ಮೇಲೆ ಡಾಕ್ಟರೇ ಫೋನು ಮಾಡಿದರು.

“ಅಮ್ಮಾರ, ಬರಲಿಲ್ಲ ಯಾಕ? ಮರಿ ಹೆಂಗೈತಿ?”

“ಆರಾಮ ಐತ್ರಿ. ಸೂಜಿ ಸಿಕ್ತು.”

“ಹೊರಗ ಬಂತೇನು? ಎಲ್ಲಿಂದ?”

“ಪಕ್ಕದ ಮನಿಯಿಂದ ಬಂತ್ರಿ.”



ಆ ಸಂಜೆ ನಾನು ದೀಪಕ್ಕೆ ಬತ್ತಿ ಹೊಸೆಯುವಾಗ ಅಭಿಜ್ಞಾ ಬಂದು ಕೈ ಚಾಚಿದಳು.

“ಸೂಜಿ ಡಬ್ಬಿ ಕೊಡು. ದೀಪ ಹಚ್ಚೋಕಿಂತ ಮೊದಲ.”

ಕೊಟ್ಟೆ. ಮುಚ್ಚಳ ತೆಗೆದು ಸೂಜಿ, ದಾರದುಂಡೆ, ಎಲ್ಲ ಇದೆಯೆಂದು ನೋಡಿಕೊಂಡಳು. ಮುಚ್ಚಳ ಹಾಕಿ, ಅದನ್ನು ತನ್ನ ಹಲ್ಲಲ್ಲಿ ಕಚ್ಚಿ ಎಳೆದು ನೋಡಿದಳು, ಜಗ್ಗಲಿಲ್ಲ. ಅಟ್ಟದ ಮೇಲೆ, ಬಣ್ಣ ಬಿಡುವ ಪುಕ್ಕದ ಕೋಲಿನ ಪಕ್ಕ ಇಟ್ಟು ಬಂದಳು.