ಎಬ್ಬೆ ಹತ್ತಿದ ಗೋಪುರ

ಹಡಗು ಗ್ದಾನ್ಸ್ಕ್ ಬಂದರಿನಲ್ಲಿ ನಿಂತ ಬೆಳಿಗ್ಗೆ ಎಬ್ಬೆ ಒಂದೇ ಕಾಲುಚೀಲ ಹಾಕಿಕೊಂಡು ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕೂತಿದ್ದ.

"ಎದೆ ಒತ್ತಿದ ಹಾಗಾಗ್ತಿದೆ ಕಣೆ. ಹಡಗಿನ ಡಾಕ್ಟರಿಗೆ ಒಂದ್ಸಲ ತೋರಿಸ್ಕೊಂಡು ಬರ್ಲಾ?"

ಹೆಂಡತಿ ಬಿರ್ಟೆ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಳು. "ರಾತ್ರಿ ಹೊಗೆ ಹಾಕಿದ ಮೀನು ಮೂರು ಸಲ ಬಡಿಸ್ಕೊಂಡೆಯಲ್ಲ, ಒತ್ತದೆ ಇನ್ನೇನಾಗತ್ತೆ? ಒಂಬತ್ತಕ್ಕೆ ಬಸ್ಸು. ವಾಗ್ನ್, ಲಿಸ್ಬೆಟ್ ಆಗಲೇ ಕೆಳಗೆ ಕಾಯ್ತಿರ್ತಾರೆ. ನಿನ್ನಿಂದ ಎಲ್ರಿಗೂ ತಡ ಆಗೋದು ಬೇಡ."

ಎಬ್ಬೆ ಇನ್ನೊಂದು ಕಾಲುಚೀಲವನ್ನೂ ಹಾಕಿಕೊಂಡ.

ನಾಲ್ವರೂ ಆಲ್ಬೋರ್ಗ್‌ನವರು. ಎಬ್ಬೆ ಮತ್ತು ವಾಗ್ನ್ ಸಿಮೆಂಟು ಕಾರ್ಖಾನೆಯ ಒಂದೇ ಪಾಳಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಬಿರ್ಟೆ ಶಿಶುವಿಹಾರದ ಅಡುಗೆಮನೆಯಲ್ಲಿದ್ದಳು, ವಾಗ್ನನ ಹೆಂಡತಿ ಲಿಸ್ಬೆಟ್ ಗ್ರಂಥಾಲಯದಲ್ಲಿ. ಕೋಪನ್‌ಹೇಗನ್‌ನಿಂದ ಹೊರಟು ಗ್ದಾನ್ಸ್ಕ್, ಕ್ಲೈಪೆಡಾ, ರೀಗಾ, ಟಾಲಿನ್ ನೋಡಿಕೊಂಡು ಎಂಟು ದಿನಕ್ಕೆ ಮರಳುವ ಈ ಪ್ರವಾಸದ ಮಾತನ್ನು ಅವರು ಆರು ವರ್ಷದಿಂದ ಆಡುತ್ತ ಬಂದಿದ್ದರು. ಒಂದು ವರ್ಷ ಲಿಸ್ಬೆಟ್‌ಳ ಮಂಡಿನೋವು, ಇನ್ನೊಂದು ವರ್ಷ ಎಬ್ಬೆಯ ತಂಗಿಯ ಸಾವು, ಹೀಗೆ ಮುಂದಕ್ಕೆ ಹೋಗಿ ಹೋಗಿ ಈ ಆಗಸ್ಟ್‌ನಲ್ಲಿ ಕೈಗೂಡಿತ್ತು.

ಅಂದು ಊರೆಲ್ಲ ಸುತ್ತಿದರು. ದೊಡ್ಡ ಚರ್ಚಿನ ಗೋಪುರಕ್ಕೆ ನಾನೂರಕ್ಕೂ ಮೇಲೆ ಮೆಟ್ಟಿಲು. ಹೆಂಗಸರು ಹತ್ತಲಿಲ್ಲ, ಕೆಳಗೆ ಚೌಕದಲ್ಲಿ ಕಾಫಿ ಕುಡಿಯುತ್ತ ಕೂತರು. ಗಂಡಸರು ಇಳಿದು ಬಂದಾಗ ಎಬ್ಬೆಯ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಬಿರ್ಟೆ ನೋಡಿದಳು. ಬಿಸಿಲು ಅಂದುಕೊಂಡಳು, ಅಥವಾ ಹಾಗೆ ಅಂದುಕೊಳ್ಳುವುದು ಅವಳಿಗೆ ಅನುಕೂಲವಾಗಿತ್ತು.

ಸಂಜೆ ಹಡಗು ಬಂದರು ಬಿಟ್ಟಿತು. ಊಟಕ್ಕೆ ಹೋಗುವ ಮುಂಚೆ ಮುಖಕ್ಷೌರ ಮಾಡಿಕೊಳ್ಳುತ್ತಿದ್ದ ಎಬ್ಬೆ ಬಚ್ಚಲಿನಲ್ಲಿ ಕುಸಿದು ಬಿದ್ದ. ಡಾಕ್ಟರು ನಾಲ್ಕೇ ನಿಮಿಷದಲ್ಲಿ ಬಂದರು. ಅರ್ಧ ಗಂಟೆ ಎದೆ ಒತ್ತಿದರು. ಕೊನೆಗೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು.

ಮರುದಿನ ಹಡಗಿನ ಅಧಿಕಾರಿಣಿಯೊಬ್ಬಳು ಬಂದು ಬಿರ್ಟೆಯ ಎದುರು ಕೂತಳು. "ಎರಡು ದಾರಿ ಇದೆ ನಿಮಗೆ. ಕ್ಲೈಪೆಡಾದಲ್ಲಿ ಅವರ ಜೊತೆ ಇಳೀಬಹುದು, ಅಲ್ಲಿಂದ ವಿಮಾನದಲ್ಲಿ ಕಳಿಸೋ ಏರ್ಪಾಡಾಗತ್ತೆ. ಅದಕ್ಕೆ ಒಂದು ವಾರ ಹಿಡೀಬಹುದು. ಇಲ್ಲ ಅಂದ್ರೆ ಹಡಗಲ್ಲೇ ತಣ್ಣನೆ ಕೋಣೆ ಇದೆ. ಕೋಪನ್‌ಹೇಗನ್ ತನಕ ನಾವೇ ಕರ್ಕೊಂಡು ಹೋಗ್ತೀವಿ."

"ಗೊತ್ತಿಲ್ಲದ ಊರಲ್ಲಿ ಅವನನ್ನ ಇಳಿಸಲ್ಲ," ಎಂದಳು ಬಿರ್ಟೆ.

ಹೀಗೆ ಪ್ರವಾಸ ಮುಂದುವರಿಯಿತು. ಊಟದ ಮೇಜಿನಿಂದ ಪರಿಚಾರಕ ನಾಲ್ಕನೆಯ ಕುರ್ಚಿ ಎತ್ತಲು ಬಂದಾಗ ವಾಗ್ನ್ ಅದರ ಬೆನ್ನು ಹಿಡಿದುಕೊಂಡ. "ಅದು ಇಲ್ಲೇ ಇರ್ಲಿ." ಸಿಮೆಂಟು ಕಾರ್ಖಾನೆಯನ್ನೇ ನಗಿಸುತ್ತಿದ್ದ ವಾಗ್ನ್ ಈಗ ಸೂಪು ಆರುವ ತನಕ ಚಮಚ ಆಡಿಸುತ್ತ ಕೂರುತ್ತಿದ್ದ. ಮೇಲಿನ ಅಂತಸ್ತಿನಲ್ಲಿ ದಿನಾ ಸಂಜೆ ನಾಲ್ಕಕ್ಕೆ ಕುಣಿತದ ಪಾಠ ನಡೆಯುತ್ತಿತ್ತು. ಬಿರ್ಟೆ ಮಲಗಿದಲ್ಲಿಂದಲೇ ಹೆಜ್ಜೆಗಳ ಸದ್ದು ಕೇಳುತ್ತಿದ್ದಳು.

ರೀಗಾದಲ್ಲಿ ಅವಳು ಗಂಡನನ್ನು ನೋಡಬೇಕೆಂದು ಕೇಳಿದಳು. ಅಧಿಕಾರಿಣಿ ಕೆಲಸದವರ ಓಣಿಗಳಲ್ಲಿ, ಒಗೆಯುವ ಬಟ್ಟೆಯ ಬಂಡಿಗಳ ನಡುವೆ, ಅವಳನ್ನು ಕೆಳಕ್ಕೆ ಕರೆದುಕೊಂಡು ಹೋದಳು. ಉಕ್ಕಿನ ಚೌಕಟ್ಟಿನ ಮೇಲೆ ಎಬ್ಬೆ ಮಲಗಿದ್ದ. ಎಡ ಕೆನ್ನೆ ನುಣ್ಣಗಿತ್ತು, ಬಲ ಕೆನ್ನೆಯಲ್ಲಿ ಬಿಳಿ ಕೂದಲು ಹಾಗೇ ಇತ್ತು.

"ಅವನ ರೇಜರ್ ತರಿಸ್ತೀರಾ?" ಎಂದಳು ಬಿರ್ಟೆ. "ಬಿಸಿನೀರು ಬೇಡ. ಅವನು ತಣ್ಣೀರಲ್ಲೇ ಮಾಡ್ಕೊಳ್ತಿದ್ದ."

ಅಧಿಕಾರಿಣಿ ತಾನೇ ಹೋಗಿ ತಂದುಕೊಟ್ಟಳು. ಬಿರ್ಟೆ ಬಲ ಕೆನ್ನೆಯನ್ನು ನಿಧಾನವಾಗಿ ಮುಗಿಸಿದಳು. ಚರ್ಮ ಮೇಣದ ಹಾಗೆ ಗಟ್ಟಿಯಾಗಿತ್ತು. ಗದ್ದದ ಹತ್ತಿರ ಸ್ವಲ್ಪ ಕೊಯ್ದುಹೋಯಿತು. ರಕ್ತ ಬರಲಿಲ್ಲ. ಅವಳು ರೇಜರ್ ಕೆಳಗಿಟ್ಟಳು. ಅಧಿಕಾರಿಣಿ ಅವಳ ತೋಳು ಹಿಡಿದು ಮೇಲಕ್ಕೆ ಕರೆತಂದಳು.

ಟಾಲಿನ್‌ನಲ್ಲಿ ಲಿಸ್ಬೆಟ್ ಔಷಧಿ ತರಲು ಊರೊಳಗೆ ಹೋಗಿದ್ದಳು. ಹಡಗಿನ ಹಿಂಭಾಗದ ಬೆಂಚಿನಲ್ಲಿ ವಾಗ್ನ್ ಬಂದು ಬಿರ್ಟೆಯ ಪಕ್ಕ ಕೂತ. ಕೈಯಲ್ಲಿ ಬಿಯರ್ ಇತ್ತು, ಕುಡಿಯುತ್ತಿರಲಿಲ್ಲ.

"ನಾನೇ ಕೊಂದಿದ್ದು ಅವನನ್ನ," ಎಂದ.

"ಏನಂತ ಮಾತಾಡ್ತೀಯ?"

"ಗೋಪುರದ ಅರ್ಧಕ್ಕೆ ನಿಂತ್ಬಿಟ್ಟ. ನೀನು ಹೋಗು, ನಾನಿಲ್ಲೇ ಇರ್ತೀನಿ ಅಂದ. ನಾನೇನಂದೆ ಗೊತ್ತಾ? ಬಾರೋ ಮುದುಕ, ಕೆಳಗೆ ಹೆಂಗಸರು ನಗ್ತಾರೆ ಅಂದೆ. ಕೈ ಹಿಡಿದು ಎಳೆದೆ ಬಿರ್ಟೆ. ಎಳೆದೆ."

ಅವನು ಅಳುತ್ತಿದ್ದ. ಬಿರ್ಟೆಗೆ ಆ ದಿನ ಬೆಳಗಿನ ಮಾತೆಲ್ಲ ನಾಲಿಗೆಯ ತುದಿಗೆ ಬಂತು. ಡಾಕ್ಟರಿಗೆ ತೋರಿಸ್ತೀನಿ ಅಂದವನನ್ನ ತಡೆದವಳು ನಾನು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂರು ದಿನದಿಂದ ಎದೆಯ ಮೇಲಿದ್ದ ಚಪ್ಪಡಿ ಮೊದಲ ಬಾರಿಗೆ ಜರುಗಿದ ಹಾಗಿತ್ತು. ಅದರ ಭಾರ ಇನ್ನೊಬ್ಬರ ಮೇಲೆ ಬಿದ್ದಿತ್ತು. ಅವಳಿಗೆ ಉಸಿರು ಸರಾಗವಾಯಿತು.

"ನೀನೇನು ಬೇಕಂತ ಮಾಡಿದ್ದಲ್ಲವಲ್ಲ," ಎಂದಳು. ಅಷ್ಟೇ ಎಂದಳು. ವಾಗ್ನ್ ಅದನ್ನು ತೀರ್ಪಿನ ಹಾಗೆ ಕೇಳಿಸಿಕೊಂಡ. ಅವನು ಹಾಗೆ ಕೇಳಿಸಿಕೊಂಡದ್ದು ಅವಳಿಗೂ ಗೊತ್ತಾಯಿತು.

ಕೋಪನ್‌ಹೇಗನ್‌ನಲ್ಲಿ ಪ್ರಯಾಣಿಕರೆಲ್ಲ ಇಳಿದ ಮೇಲೆ ಎಬ್ಬೆಯನ್ನು ಸರಕಿನ ಬಾಗಿಲಿನಿಂದ ಇಳಿಸಿದರು. ಆಲ್ಬೋರ್ಗ್‌ನಲ್ಲಿ ಮಣ್ಣಾಯಿತು. ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ವಾಗ್ನ್ ಒಬ್ಬ. ಮಣ್ಣಾದ ಮೇಲೆ ಬಂದವರಿಗೆ ಕೊಡುವ ಕಾಫಿಗೆ ಅವನು ನಿಲ್ಲಲಿಲ್ಲ.

ನವೆಂಬರಿನಲ್ಲಿ ಲಿಸ್ಬೆಟ್ ಫೋನ್ ಮಾಡಿದಳು. ವಾಗ್ನ್ ಸರಿಯಾಗಿ ಉಣ್ಣುತ್ತಿಲ್ಲ, ನಿದ್ದೆ ಇಲ್ಲ, ಹಗಲೆಲ್ಲ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ದೀಪ ಹಾಕದೆ ಕೂರುತ್ತಾನೆ ಎಂದಳು. "ನೀನೊಂದ್ಸಲ ಬಾ. ನಿನ್ನ ಮಾತಾದ್ರೆ ಕೇಳ್ತಾನೆ."

ಬಿರ್ಟೆ ಎರಡು ವಾರ ತಡೆದಳು. ಒಂದು ದಿನ ಬಸ್ಸು ಹಿಡಿದು ಹೋದಳು. ವಾಗ್ನ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಬಹಳ ಇಳಿದುಹೋಗಿದ್ದ. ಕೋಟು ತೆಗೆಯದೆಯೇ ಅವಳು ಎಲ್ಲ ಹೇಳಿದಳು, ಕಾಲುಚೀಲ, ಮೀನು, ಬಸ್ಸು, ತನ್ನ ಮಾತು.

ವಾಗ್ನ್ ಮುಖ ಎತ್ತಿದ. "ಬೆಳಿಗ್ಗೇನೇ ಎದೆ ಒತ್ತತ್ತೆ ಅಂದಿದ್ನಾ?"

"ಅಂದಿದ್ದ."

"ಟಾಲಿನ್‌ನಲ್ಲಿ ನಾನು ಅಳ್ತಿದ್ದಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮೂರು ತಿಂಗಳು," ಎಂದ ವಾಗ್ನ್. ದನಿ ಏರಲಿಲ್ಲ. "ಲಿಸ್ಬೆಟ್, ಇವಳನ್ನ ಮನೆಗೆ ಬಿಟ್ಟು ಬಾ."

ಲಿಸ್ಬೆಟ್ ಬಿರ್ಟೆಯ ಮನೆ ಮುಂದೆ ಎಂಜಿನ್ ಆರಿಸದೆ ಕಾರು ನಿಲ್ಲಿಸಿದಳು.

"ಇವತ್ತು ಅವನು ನಿದ್ದೆ ಮಾಡ್ಬಹುದು," ಎಂದಳು. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ನೀನಿನ್ನು ಬರ್ಬೇಡ."

ಮಾರ್ಚಿನಲ್ಲಿ ಒಮ್ಮೆ ಅಂಗಡಿಯಲ್ಲಿ ವಾಗ್ನ್ ಎದುರಾದ. ಮೈ ತುಂಬಿಕೊಂಡಿದ್ದ, ಬಣ್ಣ ಬಂದಿತ್ತು. ಆಲೂಗಡ್ಡೆ ಆರಿಸುತ್ತಿದ್ದವನು ಅವಳನ್ನು ಕಂಡು ತಲೆ ಬಾಗಿಸಿದ. ಪರಿಚಯವಿಲ್ಲದವರಿಗೂ ಅಷ್ಟು ಮಾಡುತ್ತಾರೆ. ಬಿರ್ಟೆ ಬ್ರೆಡ್ ಕೊಂಡು ಹೊರಗೆ ಬಂದಳು.