ಮಲ್ಲೇಶಿಯ ಸ್ನಾನದ ನೀರು

ನಾನು ಎರಡು ಬರ್ನರಿನ ಒಂದು ಗ್ಯಾಸ್ ಒಲೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ನನ್ನನ್ನು ಮಾಡಿದರು. ಉಕ್ಕಿನ ಹಾಳೆ ಬಗ್ಗಿಸಿ ಮೈ ಮಾಡಿದರು, ಹಿತ್ತಾಳೆಯ ಬರ್ನರುಗಳನ್ನು ಕೂರಿಸಿದರು. ಮೊದಲ ಸಲ ನನ್ನನ್ನು ಹಚ್ಚಿದ ಮುದಿ ಮೇಸ್ತ್ರಿ ನೀಲಿ ಉರಿಯನ್ನು ಬಗ್ಗಿ ನೋಡಿ ತಲೆಯಾಡಿಸಿದ. ಆ ಕ್ಷಣದಿಂದ ನನ್ನ ಬಾಳು ಶುರುವಾಯಿತು.

ನನ್ನನ್ನು ಕೊಂಡವನು ಚನ್ನವೀರಪ್ಪ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮದುವೆಯಾದ ವರ್ಷ ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹಳೇ ಹುಬ್ಬಳ್ಳಿಯ ಮನೆಗೆ ತಂದ. ಅಲ್ಲಿ ಅವನ ತಾಯಿ ನೀಲವ್ವ, ಹೆಂಡತಿ ಶಕುಂತಲಾ, ತಮ್ಮ ಮಲ್ಲೇಶಿ ಇದ್ದರು. ಶಕುಂತಲಾ ಶಾಲೆಯಲ್ಲಿ ಟೀಚರ್. ಮಲ್ಲೇಶಿ ಹತ್ತಿಯ ಮಿಲ್ಲಿನಲ್ಲಿ ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದ. ತಲೆ, ಹುಬ್ಬು, ಕಿವಿಯ ಸಂದಿಯಲ್ಲೆಲ್ಲ ಅರಳೆಯ ಎಳೆ. ಅವನು ಬರುವ ಹೊತ್ತಿಗೆ ನೀಲವ್ವ ನನ್ನ ಮೇಲೆ ದೊಡ್ಡ ಬೋಗುಣಿಯಲ್ಲಿ ಸ್ನಾನಕ್ಕೆ ನೀರು ಕಾಯಿಸಿ ಇಟ್ಟಿರುತ್ತಿದ್ದಳು. ಹೀಗೆ ಆರು ವರ್ಷ ನಡೆಯಿತು.

ಒಂದು ದಿನ ನೀರು ಕಾಯಿತು, ಮಲ್ಲೇಶಿ ಬರಲಿಲ್ಲ. ಮಿಲ್ಲಿನ ಗೇಟಿನ ಮುಂದೆಯೇ ಲಾರಿಯೊಂದು ಅವನ ಸೈಕಲ್ಲಿಗೆ ಬಡಿದಿತ್ತು. ಆಮೇಲೆ ಹಲವು ವರ್ಷ ಮಧ್ಯಾಹ್ನದ ಹೊತ್ತು ನನ್ನನ್ನು ಯಾರೂ ಹಚ್ಚಲಿಲ್ಲ.

ಕಾಲ ಕಳೆದಂತೆ ನೀಲವ್ವನ ನೆನಪು ಸಡಿಲವಾಯಿತು. ಮೊದಲು ಕಣ್ಣಿನ ಚಾಳೀಸು ಎಲ್ಲಿಟ್ಟೆನೆಂದು ಮರೆಯುತ್ತಿದ್ದಳು. ಮನೆಯವರು ವಯಸ್ಸಾಯಿತೆಂದು ಸುಮ್ಮನಿದ್ದರು. ಒಂದು ಮುಂಜಾನೆ ಚಹಾ ಕುಡಿಯುತ್ತ, "ಮಲ್ಲೇಶಿ ಇನ್ನೂ ಎದ್ದಿಲ್ಲೇನ?" ಎಂದು ಕೇಳಿದಳು.

ಚನ್ನವೀರಪ್ಪ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ. "ಅವ ಸತ್ತು ಒಂಬತ್ತ ವರ್ಷಾತಲ್ಲ ಯವ್ವಾ," ಎಂದುಬಿಟ್ಟ.

ನೀಲವ್ವನ ಕೈಯಿಂದ ಬಟ್ಟಲು ಬಿತ್ತು. ಆ ಸುದ್ದಿಯನ್ನು ಅದೇ ಮೊದಲು ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಎಲ್ಲವನ್ನೂ ಮರೆತಿದ್ದಳು. ಆ ಅಳುವನ್ನು ಮನೆಯವರ ಜೊತೆ ಇನ್ನೊಬ್ಬಳೂ ಕೇಳಿದ್ದಳು. ಅವಳು ಫಕೀರವ್ವ, ದಿನವೂ ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸು.

ಅದಾಗಿ ಕೆಲವು ವಾರಗಳಿಗೆ, ಮನೆಯಲ್ಲಿ ಯಾರೂ ಇಲ್ಲದಾಗ, ನೀಲವ್ವ ಮತ್ತೆ ಬೋಗುಣಿ ತುಂಬಿಸಿ ನನ್ನ ಮೇಲಿಟ್ಟಳು. ಮಲ್ಲೇಶಿಯ ಹಳೆಯ ಲುಂಗಿ, ಟವೆಲ್ಲು ತೆಗೆದು ಬಚ್ಚಲ ಕಟ್ಟೆಯ ಮೇಲಿಟ್ಟಳು. ಬಾಗಿಲಲ್ಲಿ ಕುಳಿತು ಓಣಿಯ ಕಡೆ ನೋಡತೊಡಗಿದಳು. ಹೊತ್ತಿಳಿದ ಮೇಲೆ ನನ್ನನ್ನು ಆರಿಸಿ, ನೀರು ಚೆಲ್ಲಿ, ಬಟ್ಟೆ ಒಳಗಿಟ್ಟಳು. ಸಂಜೆ ಮನೆಯವರು ಬರುವಷ್ಟರಲ್ಲಿ ಹಚ್ಚಿದ್ದೂ ಅವಳಿಗೆ ನೆನಪಿರಲಿಲ್ಲ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

ಐವತ್ತು ದಿನ ಬರುತ್ತಿದ್ದ ಸಿಲಿಂಡರ್ ಮೂವತ್ತೈದು ದಿನಕ್ಕೆ ಮುಗಿಯಿತು. ಚನ್ನವೀರಪ್ಪ ಫಿಟ್ಟರ್ ಅಲ್ಲವೇ, ನನ್ನನ್ನು ತಿರುವಿ ಹಾಕಿ ಬಿಚ್ಚಿದ. ಬರ್ನರಿನ ತೂತುಗಳನ್ನು ಸೂಜಿಯಿಂದ ಕೆದಕಿ ಮಸಿ ತೆಗೆದ. ಪೈಪಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ನೋಡಿದ. ಏಳಲಿಲ್ಲ. ಆದರೂ ಪೈಪು ಬದಲಿಸಿದ, ಕುಕ್ಕರಿಗೆ ಹೊಸ ರಬ್ಬರು ಹಾಕಿಸಿದ. ಮುಂದಿನ ಸಿಲಿಂಡರನ್ನು ತೂಗಿಸಿಯೇ ಒಳಗೆ ತೆಗೆದುಕೊಂಡ. ತೂಕವೂ ಸರಿಯಾಗಿತ್ತು. ಅದೂ ಮೂವತ್ತೈದು ದಿನಕ್ಕೇ ಮುಗಿಯಿತು.

"ಯವ್ವಾ, ಮಧ್ಯಾಹ್ನ ನೀ ಏನರೆ ಒಲಿ ಹಚ್ತೀ ಏನು?" ಎಂದು ಕೇಳಿದ.

"ಇಲ್ಲಪ್ಪಾ. ನಾ ಯಾಕ ಹಚ್ಚಲಿ?" ಎಂದಳು ನೀಲವ್ವ. ಅವಳು ಸುಳ್ಳು ಹೇಳಲಿಲ್ಲ.

ಈ ನಡುವೆ ಒಂದು ದಿನ ಫಕೀರವ್ವ ಮರೆತ ಡಬ್ಬಿಗಾಗಿ ಮರಳಿ ಬಂದವಳು ಎಲ್ಲವನ್ನೂ ಕಂಡಳು. "ಯಾರಿಗ್ರಿ ಅವ್ವಾರ ಈ ನೀರು?" ಎಂದು ಕೇಳಿದಳು.

"ಮಲ್ಲೇಶಿ ಬರೂ ಹೊತ್ತಾತಲ್ಲ," ಎಂದಳು ನೀಲವ್ವ.

ಫಕೀರವ್ವ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು. ನೀರು ಬೆಚ್ಚಗಾದ ಕೂಡಲೇ ನನ್ನ ಉರಿ ಆರಿಸಿ, ಮುದುಕಿಯ ಪಕ್ಕ ಬಾಗಿಲಲ್ಲಿ ಕುಳಿತಳು. ಎರಡು ದಾಟಿದ ಮೇಲೆ ಮೆಲ್ಲಗೆ, "ಇವತ್ತ ಮಲ್ಲೇಶಪ್ಪಗ ಎರಡನೇ ಪಾಳಿನೂ ಹಚ್ಯಾರಂತ್ರಿ. ನೀವು ಊಟಾ ಮಾಡ್ರಿ," ಎಂದಳು. ನೀಲವ್ವ ನಂಬಿದಳು, ಉಂಡಳು. ಅಂದಿನಿಂದ ಫಕೀರವ್ವ ಒಂದು ಗಂಟೆಗೆ ಕೆಲಸ ಮುಗಿದರೂ ಎರಡೂವರೆಯವರೆಗೆ ಕೂತು ಹೋಗುತ್ತಿದ್ದಳು.

ಪಕ್ಕದ ಮನೆಯವರು ಅದನ್ನು ನೋಡಿ ಶಕುಂತಲೆಯ ಕಿವಿಗೆ ಹಾಕಿದರು. ರವಿವಾರ ಶಕುಂತಲಾ ನನ್ನ ಎದುರಿಗೇ ಅವಳನ್ನು ನಿಲ್ಲಿಸಿ ಕೇಳಿದಳು.

"ಎರಡೂವರಿತನಕ ಇಲ್ಲಿ ಏನ್ ಮಾಡ್ತಿ ಫಕೀರವ್ವಾ?"

ಫಕೀರವ್ವ ಹೊಸ್ತಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನೀಲವ್ವನ ಕಡೆ ನೋಡಿದಳು. "ಸುಮ್ನ ಕುಂಡ್ರತೇನ್ರಿ."

"ಬ್ಯಾರೆ ಮನಿಗೆ ಇಲ್ಲೇ ರೊಟ್ಟಿ ಮಾಡ್ಕೊಂಡು ಒಯ್ತಿ ಅಂತಾರ."

"ಇಲ್ರಿ ಅಕ್ಕಾರ. ನಿಮ್ಮ ಒಲಿ ಮ್ಯಾಲ ನಂದು ಒಂದ ರೊಟ್ಟಿನೂ ಬೆಂದಿಲ್ಲ."

"ಮತ್ತ ಗ್ಯಾಸ್ ಎಲ್ಲಿ ಹೋಗ್ತದ? ನೀನ ಹೇಳು."

ಫಕೀರವ್ವ ಹಂಚನ್ನು ಕೆಳಗಿಳಿಸಿದಳು. ಕೈ ತೊಳೆದಳು, ನನ್ನ ಮೇಲೆ ಬಿದ್ದಿದ್ದ ಹಿಟ್ಟನ್ನು ಒರೆಸಿದಳು, ಚಪ್ಪಲಿ ಮೆಟ್ಟಿ ಹೋದಳು. ಮರುದಿನದಿಂದ ಬರಲಿಲ್ಲ.

ಆಮೇಲಿನ ಸಿಲಿಂಡರ್ ಇಪ್ಪತ್ತೆಂಟೇ ದಿನಕ್ಕೆ ಮುಗಿಯಿತು. ನೀರು ಬೆಚ್ಚಗಾದ ಕೂಡಲೇ ಉರಿ ಆರಿಸಲು ಈಗ ಯಾರೂ ಇರಲಿಲ್ಲ. ನೀಲವ್ವನಿಗೆ ಆರಿಸುವ ನೆನಪಾಗುವಷ್ಟರಲ್ಲಿ ನೀರು ಕುದಿದು ಕುದಿದು ಅರ್ಧಕ್ಕೆ ಇಳಿದಿರುತ್ತಿತ್ತು. ಆವಿ ಅಡಿಗೆಮನೆಯೆಲ್ಲ ತುಂಬುತ್ತಿತ್ತು. ಒಮ್ಮೆ ನೀಲವ್ವನ ಸೆರಗು ಬರ್ನರಿನ ಅಂಚಿಗೆ ಬಂದು ಹೋಯಿತು. ನನ್ನ ಜೀವಮಾನದಲ್ಲಿ ನಾನು ನನಗೇ ಹೆದರಿದ್ದು ಅದೊಂದೇ ಸಲ.

ಒಂದು ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಶಕುಂತಲಾ ಮನೆಗೆ ಬಂದಾಗ ಬೋಗುಣಿ ತಳ ಕಾಣುವಷ್ಟು ಬತ್ತಿತ್ತು. ಓಡಿ ಬಂದು ನನ್ನನ್ನು ಆರಿಸಿದಳು. ಬಚ್ಚಲ ಕಟ್ಟೆಯ ಮೇಲಿನ ಲುಂಗಿಯನ್ನು ಕಂಡು ನಿಂತುಬಿಟ್ಟಳು.

"ಬಾಗಲಾ ಹಾಕಬ್ಯಾಡ, ಮಲ್ಲೇಶಿ ಬರ್ತಾನ," ಎಂದಳು ನೀಲವ್ವ. "ಫಕೀರವ್ವ ಯಾಕ ಬರವಲ್ಲಳು? ದಿನಾ ನನ್ನ ಜೋಡಿ ಕುಂತು ಅವನ ಹಾದಿ ನೋಡ್ತಿದ್ಲು."

ಶಕುಂತಲಾ ನನ್ನ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಬಾಗಿಲನ್ನು ತೆರೆದೇ ಬಿಟ್ಟಿದ್ದಳು.

ಮರುದಿನ ಫಕೀರವ್ವನ ಮನೆಗೆ ಹೋಗಿ ಬಂದಳು. ಸಂಜೆ ಚಹಾಕ್ಕೆ ನೀರಿಡುತ್ತ ಗಂಡನಿಗೆ ಅಲ್ಲಿ ನಡೆದದ್ದನ್ನು ಹೇಳಿದಳು. "ಯಾಕ ಹೇಳಲಿಲ್ಲ ಅಂತ ಕೇಳ್ದೆರಿ. 'ಹೇಳಿದ್ರ ನೀವು ಅವ್ವಾರ ಮುಂದ ಮಲ್ಲೇಶಪ್ಪ ಸತ್ತಾನ ಅಂತಿದ್ರಿ. ಅವರ ಮಗಾ ಇನ್ನೊಮ್ಮೆ ಸಾಯ್ತಿದ್ದ' ಅಂದ್ಲು."

ಚನ್ನವೀರಪ್ಪ ತಲೆ ತಗ್ಗಿಸಿದ. "ಮತ್ತ ಬರ್ತಾಳಂತೇನು?"

"ಕಳ್ಳಿ ಅನಿಸ್ಕೊಂಡ ಮನಿ ಮೆಟ್ಟಲಾ ಹತ್ತಂಗಿಲ್ಲ ಅಂದ್ಲು. ಖಾನಾವಳಿಯೊಳಗ ಕೆಲಸಕ್ಕ ಸೇರ್ಯಾಳ. ಹೊರಡೂಮುಂದ ಕರದು, ಅವ್ವಾರ ಸೆರಗ ಸೊಂಟಕ್ಕ ಸಿಗಸ್ರಿ, ಉರಿಗೆ ತಾಗ್ತದ ಅಂದ್ಲು."

ಮರುದಿನದಿಂದ ಕೆಲಸಕ್ಕೆ ಹೋಗುವ ಮುಂಚೆ ಚನ್ನವೀರಪ್ಪ ರೆಗ್ಯುಲೇಟರ್ ಬಿಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕತೊಡಗಿದ. ಅದು ಸರಿಯಾದ ಕೆಲಸವೇ. ಸಿಲಿಂಡರ್ ಮತ್ತೆ ಐವತ್ತು ದಿನ ಬಂತು. ಆದರೆ ಮಧ್ಯಾಹ್ನ ಆ ಮನೆಯಲ್ಲಿ ಇರುತ್ತಿದ್ದವರು ನೀಲವ್ವ ಮತ್ತು ನಾನು, ಇಬ್ಬರೇ. ಅವಳು ಬೋಗುಣಿ ತುಂಬಿಸಿ ಇಡುತ್ತಿದ್ದಳು. ಗುಂಡಿ ತಿರುವಿ ಲೈಟರ್ ಒತ್ತುತ್ತಿದ್ದಳು. ಕಿಡಿ ಹಾರುತ್ತಿತ್ತು, ನನ್ನಲ್ಲಿ ಉರಿಯಲು ಏನೂ ಇರುತ್ತಿರಲಿಲ್ಲ. ಹೆಬ್ಬೆರಳು ನೋಯುವವರೆಗೂ ಒತ್ತುತ್ತಿದ್ದಳು. ಕೊನೆಗೆ ತಣ್ಣೀರಿನಲ್ಲಿ ಕೈಯದ್ದಿ, "ಇವತ್ತ ತಣ್ಣೀರ ಹಾಕ್ಕೋಬೇಕಲ್ಲೋ ಮಗನ," ಎನ್ನುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ ನೀಲವ್ವ ತೀರಿಕೊಂಡಳು. ಫಕೀರವ್ವ ಬಂದು ಅಂಗಳದಲ್ಲಿ ಇರಿಸಿದ್ದ ನೀಲವ್ವನ ಮುಖ ನೋಡಿ, ಒಳಗೆ ಕಾಲಿಡದೆ ಅಂಗಳದಿಂದಲೇ ತಿರುಗಿ ಹೋದಳಂತೆ.

ಕೆಲವು ವರ್ಷಗಳ ಮೇಲೆ ಮನೆಗೆ ಗಾಜಿನ ಮೈಯ ಹೊಸ ಒಲೆ ಬಂತು. ನನ್ನನ್ನು ಅಟ್ಟಕ್ಕೆ ಏರಿಸಿದರು, ಆಮೇಲೆ ಗುಜರಿಯವನಿಗೆ ಕೊಟ್ಟರು. ಹಿತ್ತಾಳೆಯ ಬರ್ನರುಗಳನ್ನು ಅವನು ಆಗಲೇ ಕಿತ್ತುಕೊಂಡಿದ್ದಾನೆ. ಉಳಿದ ಮೈ ಮುರಿದ ಫ್ಯಾನುಗಳ ಪಕ್ಕ ತುಕ್ಕು ಹಿಡಿಯುತ್ತ ಬಿದ್ದಿದೆ.

ಇಲ್ಲಿ ಯೋಚಿಸಲು ಹೊತ್ತು ಬಹಳ. ಆಗ ನಿಜ ಗೊತ್ತಿದ್ದವರು ನಾವಿಬ್ಬರೇ, ಫಕೀರವ್ವ ಮತ್ತು ನಾನು. ನನಗೆ ಬಾಯಿ ಇರಲಿಲ್ಲ. ಅವಳಿಗೆ ಇತ್ತು, ಆದರೂ ತೆರೆಯಲಿಲ್ಲ. ನನಗೂ ಬಾಯಿ ಇದ್ದಿದ್ದರೆ ಶಕುಂತಲಾ ಅವಳನ್ನು ಕೇಳಿದ ಆ ರವಿವಾರ ಏನು ಮಾಡುತ್ತಿದ್ದೆ? ಮಾತಾಡಿದ್ದರೆ ಫಕೀರವ್ವನ ಮಾನ ಉಳಿಯುತ್ತಿತ್ತು. ಸುಮ್ಮನಿದ್ದರೆ ನೀಲವ್ವನ ಮಗ ಉಳಿಯುತ್ತಿದ್ದ. ಎಷ್ಟು ಯೋಚಿಸಿದರೂ ಇದು ನನಗೆ ಇನ್ನೂ ಬಗೆಹರಿದಿಲ್ಲ.