ಕರಿ ಕಳೆದುಕೊಂಡ ತಟ್ಟೆ

ನಾನು ಒಂದು ಕಬ್ಬಿಣದ ತಟ್ಟೆ. ದಪ್ಪ ತಗಡಿನ ದುಂಡನೆಯ ತಟ್ಟೆ. ಅಂಚು ಹೆಬ್ಬೆರಳಿನ ಅಗಲದಷ್ಟು ಮೇಲಕ್ಕೆದ್ದಿದೆ. ತುಮಕೂರಿನ ಒಂದು ಕುಲುಮೆಯಲ್ಲಿ ನನ್ನನ್ನು ಕತ್ತರಿಸಿ, ಕಾಯಿಸಿ, ಬಡಿದು ಮಾಡಿದರು. ಆ ನೋವು ನನಗೆ ನೆನಪಿಲ್ಲ. ಹುಟ್ಟಿದ ನೋವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲವೇನೋ.

ನನ್ನನ್ನು ಮಾಡಿಸಿದವನು ಚಿಕ್ಕಣ್ಣ. ಹಾಸನದ ಕಡೆಯಿಂದ ಬಂದು ತುಮಕೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬೇಕರಿ ಇಟ್ಟಿದ್ದ. ಬನ್ನು, ಖಾರ ಬಿಸ್ಕತ್ತು, ದಿಲ್‌ಪಸಂದ್ ಎಲ್ಲ ಉದ್ದನೆಯ ಟ್ರೇಗಳಲ್ಲಿ ಬೇಯುತ್ತಿದ್ದವು. ನನ್ನ ಪಾಲಿಗೆ ಬಂದದ್ದು ಪಿಜ್ಜಾ. ಕಾಲೇಜಿನವರು ಬಂದು ಕೇಳತೊಡಗಿದ ಮೇಲೆ ಚಿಕ್ಕಣ್ಣ ತನಗೆ ತೋಚಿದಂತೆ ಕಟ್ಟಿಕೊಂಡ ಪಿಜ್ಜಾ ಅದು. ತುಸು ಸಿಹಿಯಾದ ಬನ್ನಿನ ಹಿಟ್ಟನ್ನೇ ನನ್ನ ಮೇಲೆ ತಟ್ಟುತ್ತಿದ್ದ. ಅದಕ್ಕೆ ಸಾಸ್ ಸವರಿ, ಈರುಳ್ಳಿ, ಎಲೆಕೋಸು, ದೊಣ್ಣೆಮೆಣಸಿನಕಾಯಿಯ ಖಾರದ ಪಲ್ಯ ಹರಡಿ, ಚೀಸ್ ತುರಿದು ಸೌದೆ ಒಲೆಯೊಳಗೆ ತಳ್ಳುತ್ತಿದ್ದ. ಮೇಲಿನದೆಲ್ಲ ಅವನ ಕೆಲಸ. ತಳ ನನ್ನದು. ಹಲ್ಲಿಗೆ ಗರಿಗರಿ ಎನ್ನುವ, ಸುಟ್ಟ ಸಕ್ಕರೆಯ ಕಂಪಿರುವ ಆ ತಳ.

ಅವನು ನನ್ನನ್ನು ಎಂದೂ ತೊಳೆಯಲಿಲ್ಲ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸುತ್ತಿದ್ದ. ಎಣ್ಣೆ, ಹಿಟ್ಟು, ಹೊಗೆ ಪದರ ಪದರವಾಗಿ ಸುಟ್ಟು ನನಗೊಂದು ಕರಿಯ, ನುಣುಪಾದ ಚರ್ಮ ಬಂತು. ಅದರ ಮೇಲಿಂದ ಪಿಜ್ಜಾ ತಾನಾಗಿ ಜಾರುತ್ತಿತ್ತು. ನನ್ನ ಬದುಕೆಲ್ಲ ಆ ಚರ್ಮದಲ್ಲಿತ್ತು ಎಂದರೆ ಹೆಚ್ಚಲ್ಲ.

ಚಿಕ್ಕಣ್ಣನಿಗೆ ಒಬ್ಬಳೇ ಮಗಳು, ಸುಕನ್ಯಾ. ತಾಯಿ ಇಲ್ಲದ ಹುಡುಗಿ. ಶಾಲೆಯಿಂದ ನೇರ ಬೇಕರಿಗೆ ಬಂದು ಮೈದಾ ಮೂಟೆಯ ಮೇಲೆ ಕೂರುತ್ತಿದ್ದಳು. ಅವನು ಒಂದು ತುಂಡು ಕತ್ತರಿಸಿ ಕಾಗದದ ಮೇಲಿಟ್ಟು ಕೊಡುತ್ತಿದ್ದ. ಅವಳು ತಿನ್ನುತ್ತಿದ್ದಳು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ನಾನು ಕೇಳಲಿಲ್ಲ. ಬೇಕಿತ್ತೆಂದೂ ಅನ್ನಿಸಲಿಲ್ಲ.

ಅವಳು ಮದುವೆಯಾಗಿ ಮೈಸೂರಿಗೆ ಹೋದಳು. ಮರುವರ್ಷ ಒಂದು ಬೆಳಗ್ಗೆ ಚಿಕ್ಕಣ್ಣ ಬೇಕರಿಯ ಬಾಗಿಲು ತೆಗೆಯಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಕಟ್ಟಡದವರು ಒಲೆ ಒಡೆಸುವ ಮುನ್ನ ಮಗಳು ಬಂದು ಒಳಗೆಲ್ಲ ನೋಡಿದಳು. ಉಳಿದದ್ದನ್ನೆಲ್ಲ ಬಿಟ್ಟು ನನ್ನೊಂದನ್ನು ದಿನಪತ್ರಿಕೆಯಲ್ಲಿ ಸುತ್ತಿ ಬಸ್ಸು ಹತ್ತಿದಳು.

ಮೈಸೂರಿನ ಮನೆಯಲ್ಲಿ ಅಡುಗೆಮನೆಯ ಮೇಲಿನ ಅಟ್ಟಣಿಗೆ ನನ್ನ ಜಾಗವಾಯಿತು. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು. ಆ ಮನೆಯವರು ಕೆಟ್ಟವರಲ್ಲ. ಗಂಡ ಶಿವಪ್ರಕಾಶ, ಅತ್ತೆ ದೇವೀರಮ್ಮ, ಇಬ್ಬರೂ ಮಾತಿನ ಜನ. ಸುಕನ್ಯಾಳ ಮೌನ ಅವರಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಅಳಲಿಲ್ಲ. ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು, ಅಷ್ಟೆ.

"ಏನಾದ್ರೂ ತಿನ್ಬೇಕು ಅನ್ಸುತ್ತಾ? ಹೇಳು ಮಾರಾಯ್ತಿ," ಎಂದು ಗಂಡ ಪೀಡಿಸಿದಾಗ ಒಮ್ಮೆ ಹೇಳಿದಳು.

"ಅಪ್ಪ ಮಾಡ್ತಿದ್ರಲ್ಲ, ಆ ಥರ ಪಿಜ್ಜಾ."

ಅಲ್ಲಿಂದ ಹುಡುಕಾಟ ಶುರುವಾಯಿತು. ಭಾನುವಾರ ಬಂತೆಂದರೆ ಶಿವಪ್ರಕಾಶ ಒಂದೊಂದು ಕಡೆಯಿಂದ ರಟ್ಟಿನ ಡಬ್ಬಿ ಹಿಡಿದು ಬರುತ್ತಿದ್ದ. ಸರಸ್ವತಿಪುರಂ, ಕುವೆಂಪುನಗರ, ಅಗ್ರಹಾರದ ಹಳೆಯ ಬೇಕರಿ. ಒಂದರ ತಳ ಚಪಾತಿಯಂತೆ, ಇನ್ನೊಂದರದು ಸ್ಪಂಜಿನಂತೆ. ಸುಕನ್ಯಾ ಒಂದು ತುಂಡು ಕಚ್ಚಿ, "ಚೆನ್ನಾಗಿದೆ ರೀ," ಎಂದು ಡಬ್ಬಿಯನ್ನು ಅತ್ತೆಯ ಕಡೆ ಸರಿಸುತ್ತಿದ್ದಳು.

"ರೊಟ್ಟಿ ಮ್ಯಾಲೆ ಪಲ್ಯ ಸುರ್‍ದವ್ರೆ, ಇದಕ್ಕೇನಂತೆ ಇಷ್ಟ್ ಮೆರ್‍ದಾಟ?" ಎನ್ನುತ್ತಲೇ ದೇವೀರಮ್ಮ ಎರಡನೆಯ ತುಂಡಿಗೆ ಕೈ ಹಾಕುತ್ತಿದ್ದರು.

"ನೀನು ಬಯ್ಕೊಂಡೇ ಖಾಲಿ ಮಾಡವ್ವ. ನಂಗಂತೂ ಪ್ಯಾಂಟಿನ ಗುಂಡಿ ಹಾಕಕ್ಕಾಗ್ತಿಲ್ಲ," ಎನ್ನುತ್ತಿದ್ದ ಮಗ.

ಕೊನೆಗೆ ಸುಕನ್ಯಾಳೇ, "ಹಬ್ಬಕ್ಕೆ ಮನೇಲೇ ಮಾಡ್ತೀನಿ," ಎಂದಳು. ಗೌರಿ ಹಬ್ಬ ಹತ್ತಿರವಿತ್ತು. ತವರಿನಿಂದ ಬಾಗಿನ ಬರುವ ಹಬ್ಬ. ಈ ಸಲ ತರುವವರಿರಲಿಲ್ಲ. ಅಪ್ಪನ ಕೈರುಚಿಯನ್ನಾದರೂ ಆ ದಿನ ಮನೆಗೆ ಕರೆಯಬೇಕೆಂದು ಅವಳಿಗಿದ್ದಿರಬೇಕು. ಅವನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಹಿಟ್ಟಿನ ಹದ ಅವಳ ಕಣ್ಣಳತೆಯಲ್ಲಿತ್ತು. ಉಳಿದ ಭರವಸೆಯೆಲ್ಲ ನನ್ನ ಮೇಲೆ.

ಹಬ್ಬದ ಹಿಂದಿನ ದಿನ ಅವಳು ಪೇಟೆಗೆ ಹೋಗಿದ್ದಾಗ ದೇವೀರಮ್ಮ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಹಾಕಿದರು. ಹಬ್ಬಕ್ಕೆ ಮುಂಚೆ ಆ ಮನೆಯಲ್ಲಿ ಒಂದು ಚಮಚವೂ ಉಜ್ಜದೆ ಉಳಿಯುವಂತಿಲ್ಲ. ಅಟ್ಟಣಿಗೆಯಿಂದ ನನ್ನನ್ನೂ ಇಳಿಸಿ ಕಾಗದ ಬಿಚ್ಚಿದರು.

"ಅಯ್ಯೋ ಶಿವನೇ, ತವರುಮನೆ ತಟ್ಟೇನ ಹಿಂಗಾ ಮಸಿ ಮಾಡಿ ಮಡಗೋದು? ಪಾಪದ ಕೂಸು, ಉಜ್ಜಕ್ಕೂ ಮನಸ್ಸಿಲ್ಲ ಅದ್ಕೆ."

ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ, ಕೊನೆಗೆ ತಂತಿ ನಾರು. ಅವರು ಏದುಸಿರು ಬಿಡುತ್ತ, ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಉಜ್ಜಿದರು. ನನ್ನ ಚರ್ಮ ಕರಿ ನೀರಾಗಿ ತುಳಸಿಕಟ್ಟೆಯ ಪಕ್ಕದ ಮೋರಿಗೆ ಹರಿಯಿತು. ದ್ವೇಷದ ಕೈಯಾಗಿದ್ದರೆ ನಾನು ಸಹಿಸುತ್ತಿದ್ದೆನೇನೋ. ಅದು ಅಕ್ಕರೆಯ ಕೈ. ಒರೆಸಿ, ಅರಿಶಿನ ಕುಂಕುಮ ಇಟ್ಟು, ನನ್ನನ್ನು ಗೌರಿಯ ಮಣೆಯ ಪಕ್ಕ ನಿಲ್ಲಿಸಿದರು.

ಸುಕನ್ಯಾ ಬಂದು ನೋಡಿದಳು. ಬೆಳ್ಳಿಯಂತೆ ಹೊಳೆಯುತ್ತಿದ್ದ ನನ್ನ ಮೇಲೆ ಬೆರಳಾಡಿಸಿದಳು.

"ಹೆಂಗೈತೆ?" ದೇವೀರಮ್ಮನ ಮುಖ ಅರಳಿತ್ತು.

"ಚೆನ್ನಾಗಿದೆ ಅತ್ತೆ."

ಆದರೂ ಹಬ್ಬದ ಸಂಜೆ ಮಾಡಿದಳು. ನನ್ನನ್ನು ಗ್ಯಾಸ್ ಒಲೆಯ ಮೇಲಿಟ್ಟು, ಹಿಟ್ಟು ತಟ್ಟಿ, ಪಲ್ಯ ಹರಡಿ, ಮೇಲೆ ದೊಡ್ಡ ಬೋಗುಣಿ ಮುಚ್ಚಿದಳು. ನಾನು ಬೆತ್ತಲಾಗಿದ್ದೆ. ಹಿಟ್ಟು ನನ್ನನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಳ್ಳುವುದು ನನ್ನ ಕೈಲಾಗಲಿಲ್ಲ. ಮೊಗಚೆಕಾಯಿಯಿಂದ ಎಬ್ಬಿದರೆ ತಳವೆಲ್ಲ ನನ್ನಲ್ಲೇ ಉಳಿದು, ಮೇಲಿನದು ಮುದ್ದೆಯಾಗಿ ಬಂತು. ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

"ಹಂಚು ಹಿಡ್ಕೊಂಡ್‌ಬಿಡ್ತಲ್ಲವ್ವ," ಎಂದ ದೇವೀರಮ್ಮ ತಟಕ್ಕನೆ ನಿಂತರು. ಜೀವಮಾನವಿಡೀ ಕಾವಲಿಯ ಮೇಲೆ ರೊಟ್ಟಿ ಬೇಯಿಸಿದವರು. "ಅದು ಮಸಿ ಅಲ್ವಾ? ಪಳಗಿದ್ದಾ ಅದು?"

ಸುಕನ್ಯಾ ನನಗಂಟಿದ ಕರಕಲನ್ನು ಎಬ್ಬುತ್ತಲೇ ಇದ್ದಳು.

"ಒಂದ್ ಮಾತು ಅಂದಿದ್ರೆ ಆಗ್ತಿರ್ನಿಲ್ವಾ ನನ್ನವ್ವ? ಬಯ್ದಾದ್ರೂ ಬಯ್ಯಿ ನನ್ನ."

ಅವಳು ಬೈಯಲಿಲ್ಲ. ಒಲೆ ಆರಿಸಿದಳು.

ಮರುದಿನದಿಂದ ದೇವೀರಮ್ಮ ತಮ್ಮ ಹಳೆಯ ಕಾವಲಿಯನ್ನು ಮೂಲೆಗೆ ಹಾಕಿ ನನ್ನನ್ನು ಒಲೆಗೆ ಏರಿಸಿದರು. ಈರುಳ್ಳಿ ಹೋಳಿನಿಂದ ಎಣ್ಣೆ ತಿಕ್ಕಿ ದಿನಾ ಅಕ್ಕಿ ರೊಟ್ಟಿ. ಮೊದಮೊದಲು ಹರಿದ ರೊಟ್ಟಿಗಳನ್ನೆಲ್ಲ ತಾವೇ ತಿಂದರು. ಮಳೆಗಾಲಗಳು ಕಳೆದವು. ನನಗೆ ಮತ್ತೆ ಕರಿ ಹತ್ತಿತು. ಒಂದು ಭಾನುವಾರ ಅವರೇ, "ಇವತ್ತು ಹಾಕ್ ನೋಡವ್ವ," ಎಂದರು.

ಈ ಸಲ ಪಿಜ್ಜಾ ಇಡಿಯಾಗಿ ಜಾರಿ ಬಂತು. ತಳ ಗರಿಗರಿಯಾಗಿತ್ತು. ಸುಕನ್ಯಾ ಕಚ್ಚಿ, ಬಹಳ ಹೊತ್ತು ಅಗಿದಳು. ಅಕ್ಕಿ ರೊಟ್ಟಿಯ, ಸಬ್ಬಸಿಗೆಯ ಕಂಪು ಅದರಲ್ಲಿ ಸೇರಿತ್ತೆಂದು ನನಗೆ ಗೊತ್ತಿತ್ತು.

"ಅಪ್ಪಂದು ಹಿಂಗಿರ್ಲಿಲ್ಲ ಅತ್ತೆ," ಎಂದಳು. ಹೇಳುತ್ತಲೇ ಅತ್ತುಬಿಟ್ಟಳು. ಆ ಮನೆಗೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ದೇವೀರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ಮಾತಿನ ಹೆಂಗಸು ಅವರು. ಅಂದು ಏನೂ ಹೇಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ನಡುವೆ ತಗ್ಗು ಬಿದ್ದಿದೆ, ಒಲೆಯ ಮೇಲೆ ಅಲುಗಾಡುತ್ತೇನೆ. ಚಿಕ್ಕಣ್ಣನ ರುಚಿ ನನ್ನಲ್ಲಿಲ್ಲ. ಅದು ಎಂದೋ ಮೋರಿಯಲ್ಲಿ ಹರಿದುಹೋಯಿತು. ಆದರೆ ಸುಕನ್ಯಾ ಈಗ ತಟ್ಟೆಯಲ್ಲಿ ಅನ್ನ ಉಳಿಸುವುದಿಲ್ಲ. ರುಚಿ ಸರಿಯಿಲ್ಲದ ದಿನ ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾಳೆ.